ಹೊಳೆನೇರಳೆ

ನೇರಳೆ ಎಂದೊಡನೆ ನಮಗೆ ನೆನಪಾಗುವುದು ದೊಡ್ಡ ಮರ. ಮುಂಗಾರಿನ ಮೊದಲಲ್ಲಿ ಹರಿಹರದ ಸಂತೆಗೆ ಬುಟ್ಟಿಗಟ್ಟಲೆ ಬರುವುದು ಆ ಮರದ ಹಣ್ಣೇ. ಆದರೆ ಅದೇ ಕುಲದ ಗಿಡವೊಂದು ಹೊಳೆಹಳ್ಳಗಳ ಅಂಚಿನಲ್ಲಿ ಪೊದೆಯಾಗಿ ಬೆಳೆಯುತ್ತದೆಂಬುದನ್ನು ಬಲ್ಲವರು ಕಡಿಮೆ. ಇದಕ್ಕೆ ಹೊಳೆನೇರಳೆ ಎಂದೂ ನಾಯಿನೇರಳೆ ಎಂದೂ ಹೆಸರುಂಟು. ಕೊಕ್ಕನೂರಿನ ನಮ್ಮ ಮನೆಯಲ್ಲಿ ಅಜ್ಜಿ ಎರಡನೆಯ ಹೆಸರನ್ನೇ ಬಳಸುತ್ತಾಳೆ. ನಾಯಿತುಳಸಿ, ನಾಯಿಸಾಸಿವೆ ಎಂಬಂತೆ, ಮನುಷ್ಯನ ಉಪಯೋಗಕ್ಕೆ ಅಷ್ಟಾಗಿ ಬಾರದ್ದಕ್ಕೆಲ್ಲ ನಮ್ಮ ಜನ ನಾಯಿಯ ಹೆಸರನ್ನು ಅಂಟಿಸಿದ್ದಾರೆ. ಪಾಪ, ನಾಯಿಗೂ ಇದರಿಂದ ಗೌರವವಿಲ್ಲ, ಗಿಡಕ್ಕೂ ಇಲ್ಲ!

ನಾನು ಕಲಾವಿಭಾಗದವನು, ಸಸ್ಯಶಾಸ್ತ್ರ ನನ್ನ ಪಠ್ಯವಲ್ಲ. ಆದರೂ ಈ ಗಿಡದ ಶಾಸ್ತ್ರೀಯ ನಾಮ ನನಗೆ ಬಹಳ ಹಿಡಿಸಿತು. 'ಸೈಜಿಜಿಯಂ' ಎಂಬುದು ಗ್ರೀಕ್ ಮೂಲದ ಶಬ್ದ. ನೊಗಕ್ಕೆ ಹೂಡಿದ ಜೋಡಿ ಎಂದು ಅದರ ಭಾವ. ಎಲೆಗಳು ಎದುರುಬದುರಾಗಿ, ಜೋಡೆತ್ತಿನಂತೆ ಕೂಡಿರುವುದೇ ಇದಕ್ಕೆ ಕಾರಣ. ಎತ್ತು ಕಟ್ಟಿದ ಮನೆಯಿಂದ ಕಾಲೇಜಿಗೆ ಬಂದವನಿಗೆ ಇಂತಹ ಹೆಸರು ಮರೆತುಹೋಗುವುದಿಲ್ಲ. 'ಹೇನಿಯಾನಂ' ಎಂಬ ಎರಡನೆಯ ಪದವು ಮೈಸೂರು ಸೀಮೆಯ ಸಸ್ಯಗಳನ್ನು ಅಭ್ಯಾಸಮಾಡಿದ ಬೆಂಜಮಿನ್ ಹೈನೆಯ ನೆನಪಿಗೆ ಇಟ್ಟದ್ದು.

ಎಲೆಯೊಂದನ್ನು ಬಿಸಿಲಿಗೆ ಹಿಡಿದು ನೋಡಿರಿ. ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಕಾಣುವುವು. ಅವು ತೈಲದ ಗ್ರಂಥಿಗಳು. ಪೇರಲದ ಎಲೆಯಲ್ಲಿಯೂ ಇವು ಉಂಟು. ಏಕೆಂದರೆ ಪೇರಲ, ಲವಂಗ, ನೀಲಗಿರಿ ಎಲ್ಲವೂ ಇದೇ ಕುಟುಂಬದವು. ಲವಂಗವಂತೂ ನೇರಳೆಯ ಕುಲದ್ದೇ. ನಾವು ಪಲಾವಿಗೆ ಹಾಕುವುದು ಅದರ ಅರಳದ ಮೊಗ್ಗನ್ನು. ಹೊಳೆನೇರಳೆಯ ಹೂವು ಬಿಳಿ. ಕಣ್ಣಿಗೆ ಹೂವಾಗಿ ಕಾಣುವುದು ದಳಗಳಲ್ಲ, ದಟ್ಟವಾದ ಕೇಸರಗಳ ಕುಚ್ಚು. ಹಣ್ಣು ಚಿಕ್ಕದು, ಕಪ್ಪು ಬಣ್ಣದ್ದು. ಎಲೆ ಕಿರಿದಾಗಿ ನೀಳವಾಗಿರುವುದರಿಂದ ಮಹಾಪೂರ ಬಂದಾಗ ನೀರು ಅದರ ನಡುವೆ ನುಸುಳಿ ಹೋಗುತ್ತದೆ. ಬೇರು ದಂಡೆಯ ಮಣ್ಣನ್ನು ಬಿಡದೆ ಹಿಡಿಯುತ್ತದೆ. ನಾಯಿ ಎಂದು ಕರೆಸಿಕೊಂಡ ಗಿಡ ಕಾವಲನ್ನಂತೂ ಕಾಯುತ್ತಿದೆ.

ಇದರ ದಾಯಾದಿ ನೀಲಗಿರಿಯ ಕಥೆ ಬೇರೆ. ಅದು ಆಸ್ಟ್ರೇಲಿಯಾದಿಂದ ಬಂದದ್ದು. ಹರಿಹರದ ಎದುರುದಡದ ಕುಮಾರಪಟ್ಟಣದಲ್ಲಿ 1972ರಲ್ಲಿ ಆರಂಭವಾದ ಕಾರ್ಖಾನೆಗೆ ಅದರ ಮರವೇ ತಿರುಳಿನ ಕಚ್ಚಾಸಾಮಗ್ರಿಯಾಯಿತು. 1984ರಲ್ಲಿ ಸ್ಥಾಪಿತವಾದ ಕರ್ನಾಟಕ ಪಲ್ಪ್‌ವುಡ್ಸ್ ಸಂಸ್ಥೆಗೆ ಸುಮಾರು 30,000 ಹೆಕ್ಟೇರ್ ಸರ್ಕಾರಿ ಭೂಮಿಯನ್ನು ಕೊಡುವ ಏರ್ಪಾಡಾದಾಗ, ದನ ಮೇಯಿಸಿ ಸೌದೆ ತರುತ್ತಿದ್ದ ಹಳ್ಳಿಗರು ಎದ್ದು ನಿಂತರು. 1987ರ ನವೆಂಬರ್ 14ರಂದು ಹಾನಗಲ್ಲು ತಾಲ್ಲೂಕಿನ ಕುಸನೂರಿನಲ್ಲಿ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ನಡೆಯಿತು: ನೀಲಗಿರಿ ಸಸಿಗಳನ್ನು ಕಿತ್ತು, ಜನರಿಗೆ ಬೇಕಾದ ಗಿಡಗಳನ್ನು ನೆಟ್ಟರು. 1991ರಲ್ಲಿ ಆ ಸಂಸ್ಥೆಯನ್ನು ಮುಚ್ಚಲಾಯಿತು. ತಪ್ಪು ಮರದ್ದೆಂದು ನಾನು ಹೇಳಲಾರೆ; ಯಾರ ಭೂಮಿಯಲ್ಲಿ ಯಾರನ್ನು ಕೇಳಿ ನೆಟ್ಟರು ಎಂಬುದೇ ಅಲ್ಲಿಯ ಪ್ರಶ್ನೆಯಾಗಿತ್ತು.

ಹೊಳೆನೇರಳೆಗೆ ಇಂತಹ ವಕೀಲರಿಲ್ಲ. ಮರಳು ತೆಗೆಯುವಾಗ, ದಂಡೆ ಒತ್ತಿ ಗದ್ದೆ ಮಾಡುವಾಗ ಮೊದಲು ಕುಡುಗೋಲು ಬೀಳುವುದು ಇದರ ಮೇಲೆಯೇ. ಬೆಳೆಸಬೇಕೆನ್ನುವವರು ಒಂದು ವಿಷಯ ತಿಳಿದಿರಬೇಕು: ನೇರಳೆ ಕುಲದ ಬೀಜ ಒಣಗಿದರೆ ಕೆಡುತ್ತದೆ. ಬತ್ತದಂತೆ ಕಣಜದಲ್ಲಿ ಇಟ್ಟು ಮುಂದಿನ ವರ್ಷ ಬಿತ್ತಲಾಗದು. ಹಣ್ಣು ತಿಂದ ಕೆಲವೇ ದಿನಗಳೊಳಗೆ, ಮಳೆ ಹಿಡಿಯುವ ಹೊತ್ತಿಗೆ, ಹಳ್ಳದ ಒದ್ದೆ ಮಣ್ಣಿನಲ್ಲಿ ಊರಬೇಕು.