ಪಟಾಪಟಿ ಚಡ್ಡಿಯಲ್ಲಿ ರಕ್ತದ ಕಲೆ

ಪ್ರಶ್ನೆ: ವಯಸ್ಸು 67, ಬೇಸಾಯ. ಬೀಜದ ಚೀಲದ ಮೇಲೆ ಸಾಸಿವೆ ಕಾಳಿನಷ್ಟು ದಪ್ಪದ ಕಪ್ಪು-ಕೆಂಪು ಗುಳ್ಳೆಗಳು ಹತ್ತಾರು ಎದ್ದಿವೆ. ನೋವಿಲ್ಲ. ಮೊನ್ನೆ ಕೆರೆದುಕೊಂಡಾಗ ಒಂದು ಒಡೆದು ಪಟಾಪಟಿ ಚಡ್ಡಿಯೆಲ್ಲ ರಕ್ತವಾಯಿತು. ಇದು ಕ್ಯಾನ್ಸರೇ? ಮನೆಯವರಿಗೆ ಅಂಟುತ್ತದೆಯೇ? ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದು, ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದೇನೆ.
– ಓದುಗರು, ಕ್ಯಾತನಹಳ್ಳಿ, ಪಾಂಡವಪುರ ತಾಲ್ಲೂಕು

ಉತ್ತರ: ಈ ವಿವರ ಹೆಚ್ಚು ಹೊಂದುವುದು ಆಂಜಿಯೋಕೆರಟೋಮಾ ಎಂಬ ಚರ್ಮದ ಗುಳ್ಳೆಗಳಿಗೆ. ಅದು ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗಿ ತಿರುಗುವುದೂ ಇಲ್ಲ. ಲೈಂಗಿಕ ರೋಗವಲ್ಲದ್ದರಿಂದ ಹೆಂಡತಿಗೆ ಅಂಟುವ ಮಾತೇ ಇಲ್ಲ. ನ್ಯೂಯಾರ್ಕಿನ ಚರ್ಮವೈದ್ಯ ಜಾನ್ ಅಡಿಸನ್ ಫೋರ್ಡೈಸ್ 1896ರಲ್ಲಿ ಇದನ್ನು ಮೊದಲು ವಿವರಿಸಿದ್ದೂ 60ರ ಹರೆಯದ ಒಬ್ಬ ಗಂಡಸಿನಲ್ಲೇ.

ವಯಸ್ಸಾದಂತೆ ಆ ಭಾಗದ ತೆಳು ಚರ್ಮದೊಳಗಿನ ಸಣ್ಣ ರಕ್ತನಾಳಗಳಿಗೆ ಬಿಗಿ ಹೋಗುತ್ತದೆ. ರಕ್ತ ತುಂಬಿ ಅವು ಉಬ್ಬುತ್ತವೆ, ಮೇಲಿನ ಚರ್ಮ ಒರಟಾಗಿ ದಪ್ಪಗಾಗುತ್ತದೆ. ಮೊದಲು ಕೆಂಪಗಿದ್ದದ್ದು ವರ್ಷ ಕಳೆದಂತೆ ನೀಲಿಗಪ್ಪು. ಕೆಲವರಲ್ಲಿ ಹರ್ನಿಯಾ ಅಥವಾ ವೆರಿಕೋಸೀಲ್ (ಬೀಜದ ಮೇಲಿನ ರಕ್ತನಾಳಗಳ ಉಬ್ಬು) ಜೊತೆಗಿದ್ದು, ರಕ್ತ ಮೇಲಕ್ಕೆ ಹಿಂದಿರುಗಲು ತಡೆಯಾಗಿರುತ್ತದೆ. ವೆರಿಕೋಸೀಲ್ ಹೆಚ್ಚಾಗಿ ಎಡಗಡೆಗೇ ಬರುತ್ತದೆ: ಎಡ ಬೀಜದ ರಕ್ತನಾಳ ನೇರವಾಗಿ ಎಡ ಮೂತ್ರಪಿಂಡದ ರಕ್ತನಾಳಕ್ಕೆ ಹೋಗಿ ಸೇರುತ್ತದೆ. ಇಳಿವಯಸ್ಸಿನಲ್ಲಿ ವೆರಿಕೋಸೀಲ್ ಹೊಸದಾಗಿ ಕಾಣಿಸಿ, ಮಲಗಿದರೂ ಇಳಿಯದಿದ್ದರೆ ಮೂತ್ರಪಿಂಡದ ಸ್ಕ್ಯಾನ್ ಮಾಡಿಸಲೇಬೇಕು.

ಒಡೆದರೆ ಹೆದರಿಕೆ ಹುಟ್ಟಿಸುವಷ್ಟೇ ರಕ್ತ ಬರುತ್ತದೆ. ಶುಭ್ರವಾದ ಬಟ್ಟೆ ಇಟ್ಟು, ನಡುನಡುವೆ ತೆಗೆದು ನೋಡದೆ, 10 ನಿಮಿಷ ಬಿಗಿಯಾಗಿ ಒತ್ತಿ ಹಿಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಬೇಕು. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ನುಂಗುವವರಲ್ಲಿ ತುಸು ಹೆಚ್ಚು ಹೊತ್ತು ಸೋರಬಹುದು. ಹಾಗೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿಬಿಡುವುದು ಈ ಗುಳ್ಳೆಗಳಿಗಿಂತ ಎಷ್ಟೋ ಪಾಲು ಅಪಾಯ, ಸ್ಟೆಂಟ್ ಮುಚ್ಚಿಹೋದೀತು.

ನಿಜವಾದ ಕೆಡುಕು ಬರುವುದು ಮನೆಮದ್ದಿನಿಂದ. ನರಹುಲಿ ಎಂದುಕೊಂಡು ಸುಣ್ಣ-ಸೋಡಾ ಹಚ್ಚಿಕೊಂಡರೆ ಅಲ್ಲಿನ ಚರ್ಮ ಸುಟ್ಟು ಹುಣ್ಣಾಗುತ್ತದೆ. ಬ್ಲೇಡಿನಿಂದ ಕೊಯ್ದುಕೊಳ್ಳುವುದಂತೂ ಬೇಡವೇ ಬೇಡ. ನವೆಗೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಟ್ಯೂಬುಗಳಲ್ಲಿ ಎಷ್ಟೋ ಸ್ಟಿರಾಯ್ಡ್ ಬೆರೆತವು. ಬಹಳ ದಿನ ಹಚ್ಚಿದರೆ ಚರ್ಮ ಇನ್ನಷ್ಟು ತೆಳುವಾಗುತ್ತದೆ. ಅಂದಹಾಗೆ, ಈ ಗುಳ್ಳೆಗಳು ಸಾಮಾನ್ಯವಾಗಿ ಅಷ್ಟೇನೂ ನವೆಯಾಗುವುದಿಲ್ಲ. ತೊಡೆಸಂದಿಯಲ್ಲಿ ಹುಳುಕಡ್ಡಿ ಇದ್ದರೆ ಅದಕ್ಕೇ ಬೇರೆ ಔಷಧಿ ಬೇಕು.

ಇಷ್ಟಾದರೂ ಪತ್ರ ಓದಿ ರೋಗ ನಿರ್ಧರಿಸಲಾಗದು, ಚರ್ಮವೈದ್ಯರು ಒಮ್ಮೆ ಕಣ್ಣಾರೆ ನೋಡಬೇಕು. ಕ್ಯಾತನಹಳ್ಳಿಯವರಿಗೆ ಮಂಡ್ಯದ ಮಿಮ್ಸ್ ಇದೆ, ಮೈಸೂರಿನ ಕೆ.ಆರ್. ಆಸ್ಪತ್ರೆ ಇದೆ. ನಾಚಿಕೆಪಡುವಂಥದ್ದೇನೂ ಇಲ್ಲ, ವೈದ್ಯರಿಗೆ ಇದು ದಿನನಿತ್ಯದ ಕೆಲಸ. ಡರ್ಮೋಸ್ಕೋಪ್ ಎಂಬ ದೀಪವಿರುವ ಮಸೂರ ಇಟ್ಟು ನೋಡಿದರೆ ರಕ್ತ ತುಂಬಿದ ಕೆಂಪು, ಕಡುನೀಲಿ ಗೂಡುಗಳು ಬಿಡಿಬಿಡಿಯಾಗಿ ಕಾಣುತ್ತವೆ. ಒಂದೇ ಮಚ್ಚೆ ಬೇಗ ಬೆಳೆಯುತ್ತಿದ್ದರೆ, ಅಂಚು ಅಂಕುಡೊಂಕಾಗಿದ್ದರೆ, ಹುಣ್ಣಾಗಿ ಮಾಯದಿದ್ದರೆ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ.

ಹುಡುಗರಲ್ಲೇ ಇಂಥ ಚುಕ್ಕೆಗಳು ಹೊಕ್ಕುಳಿನಿಂದ ತೊಡೆಯವರೆಗೆ ಹರಡಿ, ಅಂಗೈ ಅಂಗಾಲು ಉರಿಯುತ್ತಾ, ಬೆವರು ಕಡಿಮೆಯಿದ್ದರೆ ಲೆಕ್ಕವೇ ಬೇರೆ. ಅದು ಫ್ಯಾಬ್ರಿ ಎಂಬ ಅಪರೂಪದ ವಂಶವಾಹಿ ಕಾಯಿಲೆ ಇರಬಹುದು. ಮೂತ್ರಪಿಂಡ, ಹೃದಯ ಎರಡನ್ನೂ ಕಾಡುತ್ತದೆ.

ತೊಂದರೆ ಕೊಡದ ಗುಳ್ಳೆಗಳಿಗೆ ಚಿಕಿತ್ಸೆ ಬೇಕಿಲ್ಲ. ಪದೇ ಪದೇ ಒಡೆಯುವಂಥವನ್ನು ಮರಗಟ್ಟುವ ಇಂಜೆಕ್ಷನ್ ಕೊಟ್ಟು ವಿದ್ಯುತ್ ಸೂಜಿಯಿಂದಲೋ ಲೇಸರಿನಿಂದಲೋ ಸುಡುತ್ತಾರೆ. ಪಕ್ಕದಲ್ಲಿ ಮುಂದೆ ಹೊಸವು ಏಳಬಹುದು. ಹೋಗುವಾಗ ಸ್ಟೆಂಟಿನ ಚೀಟಿ, ಮಾತ್ರೆಗಳ ಪಟ್ಟಿ ಕೈಯಲ್ಲಿರಲಿ.