‘ಪರಂತು’ ಎಂಬ ಪದದ ತೂಕ: ಮಸೂದೆಯ ಪಯಣವೂ ಗಡಿನಾಡಿನ ಕನ್ನಡವೂ

ಕನ್ನಡ ವಿಭಾಗದ ವಾರ್ತಾಪತ್ರದಲ್ಲಿ ಶಾಸನಸಭೆಯ ಮಸೂದೆಗಳ ವಿಚಾರವೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಕೃಷ್ಣೆಯ ದಂಡೆಯ ಈ ನಾಡಿನಲ್ಲಿ, ಸಾಂಗ್ಲಿವಾಡಿಯಿಂದ ಮಿರಜದವರೆಗೆ, ಅಲ್ಲಿಂದ ಜತ್ತ ತಾಲೂಕಿನ ಗಡಿಹಳ್ಳಿಗಳವರೆಗೆ, ಕನ್ನಡವು ಮನೆಮಾತಾಗಿ ತಲೆಮಾರುಗಳಿಂದ ಬಾಳಿದೆ. ರಂ. ಶ್ರೀ. ಮುಗಳಿಯವರಂಥ ವಿದ್ವಾಂಸರು ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಕನ್ನಡ ಕಲಿಸಿದ್ದಾರೆ. ಮನೆಮಾತನ್ನು ಉಳಿಸುವುದು ತಾಯಂದಿರ ಕೈಯಲ್ಲಿದೆ. ಆದರೆ ಅದು ಶಾಲೆಯ ಮಾತಾಗಿ, ಕಚೇರಿಯ ಮಾತಾಗಿ, ಊರ ಫಲಕದ ಮಾತಾಗಿ ಉಳಿಯುವುದೋ ಇಲ್ಲವೋ ಎಂಬುದು ಮುಂಬಯಿಯಲ್ಲಿ ಅಥವಾ ನಾಗಪುರದಲ್ಲಿ ಕೂಡುವ ಸದನಗಳ ಕಾಗದಗಳಲ್ಲಿ ತೀರ್ಮಾನವಾಗುತ್ತದೆ. ಆ ಕಾಗದಗಳನ್ನು ಓದಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ಪ್ರಸ್ತುತ ಲೇಖನವು ಆ ಓದಿಗೊಂದು ಪ್ರವೇಶಿಕೆ.

ಪದಗಳ ಪರಿಚಯ

ಪತ್ರಿಕೆಗಳು ‘ಮಸೂದೆ’ ಎಂದು ಬರೆಯುವುದನ್ನು ಕರ್ನಾಟಕ ವಿಧಾನಮಂಡಲದ ಕಾಗದಗಳು ‘ವಿಧೇಯಕ’ ಎನ್ನುತ್ತವೆ. ಮರಾಠಿಯಲ್ಲಿಯೂ ಅದು ವಿಧೇಯಕವೇ. ‘ಮಸೂದೆ’ಯು ಅರಬ್ಬಿ ಮೂಲದ ಪದ. ಅದರ ಧಾತುವಿಗೆ ಕಪ್ಪು ಎಂದರ್ಥ. ಮಸಿ ಹಿಡಿದ ಕರಡು ಪ್ರತಿಯೇ ಮಸೂದೆ. ಮರಾಠಿಯ ‘ಮಸುದಾ’ ಇಂದಿಗೂ ಕರಡು ಎಂಬ ಮೂಲಾರ್ಥವನ್ನು ಕಾದುಕೊಂಡಿದೆ. ಈ ಅರ್ಥವನ್ನು ನೆನಪಿಡುವುದು ಒಳ್ಳೆಯದು: ಮಸೂದೆಯೆಂದರೆ ಇನ್ನೂ ತಿದ್ದಬಹುದಾದ ಬರೆಹ.

ಅದು ಎಲ್ಲ ಹಂತಗಳನ್ನು ದಾಟಿದಾಗ ‘ಅಧಿನಿಯಮ’ ಅಥವಾ ರೂಢಿಯ ಮಾತಿನಲ್ಲಿ ‘ಕಾಯ್ದೆ’ ಎನಿಸುತ್ತದೆ. ಸದನಗಳು ಸೇರದಿರುವಾಗ ರಾಜ್ಯಪಾಲರು ಹೊರಡಿಸುವ ಆಜ್ಞೆ ‘ಅಧ್ಯಾದೇಶ’. ಮರಾಠಿಯ ಪತ್ರಿಕೆಗಳು ಅದನ್ನು ‘ವಟಹುಕೂಮ್’ ಎಂದರೆ, ಕನ್ನಡದ ಪತ್ರಿಕೆಗಳು ರಾಮಾಯಣವನ್ನು ನೆನೆದು ‘ಸುಗ್ರೀವಾಜ್ಞೆ’ ಎನ್ನುತ್ತವೆ. ರಾಜ್ಯಪಾಲರ ಒಪ್ಪಿಗೆಯ ರುಜುವಿಗೆ ನಾವು ಬಳಸುವ ‘ಅಂಕಿತ’ವಂತೂ ವಚನಗಳನ್ನು ಓದಿದವರಿಗೆ ಪರಿಚಿತವೇ. ಅಂಕಿತವಿಲ್ಲದ ವಚನದ ಕರ್ತೃವನ್ನು ಗುರುತಿಸುವುದು ಕಷ್ಟ. ಅಂಕಿತವಿಲ್ಲದ ಮಸೂದೆಗೆ ಕಾನೂನಿನ ಬಲವಿಲ್ಲ.

ಇನ್ನು ಮೂರು ಪದಗಳನ್ನು ವಿಶೇಷವಾಗಿ ಗಮನಿಸಬೇಕು. ಕನ್ನಡದ ಕಾಯ್ದೆಗಳಲ್ಲಿ ಕಡ್ಡಾಯವನ್ನು ‘ತಕ್ಕದ್ದು’ ಎಂಬ ಪದವೂ, ವಿವೇಚನೆಯನ್ನು ‘ಬಹುದು’ ಎಂಬ ಪ್ರತ್ಯಯವೂ ಸೂಚಿಸುತ್ತವೆ. ‘ಮಾಡತಕ್ಕದ್ದು’ ಎಂದಲ್ಲಿ ಸರಕಾರಕ್ಕೆ ಬೇರೆ ದಾರಿಯಿಲ್ಲ. ‘ಮಾಡಬಹುದು’ ಎಂದಲ್ಲಿ ಮಾಡದೆಯೂ ಇರಬಹುದು. ಮೂರನೆಯದು ‘ಪರಂತು’. ಕನ್ನಡದ ಕಾಯ್ದೆಯಲ್ಲಿಯೂ ಮರಾಠಿಯ ಕಾಯ್ದೆಯಲ್ಲಿಯೂ ವಿನಾಯಿತಿಯ ವಾಕ್ಯವು ಈ ಒಂದೇ ಪದದಿಂದ ಆರಂಭವಾಗುತ್ತದೆ. ಭಾಷೆಯ ವಿಷಯದ ಕಾಯ್ದೆಗಳಲ್ಲಿ ಬಹುಸಂಖ್ಯಾತರ ಮಾತು ಮುಖ್ಯ ವಾಕ್ಯದಲ್ಲಿರುತ್ತದೆ. ಅಲ್ಪಸಂಖ್ಯಾತರ ಬಾಳು ‘ಪರಂತು’ವಿನ ನಂತರದ ವಾಕ್ಯದಲ್ಲಿರುತ್ತದೆ.

ಮಸೂದೆಯ ಮೆಟ್ಟಿಲುಗಳು

ಮಹಾರಾಷ್ಟ್ರದಲ್ಲಿ 288 ಸದಸ್ಯರ ವಿಧಾನಸಭೆ ಮತ್ತು 78 ಸದಸ್ಯರ ವಿಧಾನ ಪರಿಷತ್ತು ಇವೆ; ಕರ್ನಾಟಕದಲ್ಲಿ ಈ ಸಂಖ್ಯೆಗಳು 224 ಮತ್ತು 75. ಹಣಕಾಸಿನ ಮಸೂದೆಯನ್ನುಳಿದು ಬೇರೆ ಯಾವುದನ್ನೂ ಎರಡರಲ್ಲಿ ಯಾವ ಸದನದಲ್ಲಿಯಾದರೂ ಮಂಡಿಸಬಹುದು. ಮಸೂದೆಯ ಕೊನೆಯಲ್ಲಿ ‘ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ’ ಇರುತ್ತದೆ. ಸರಕಾರ ಏನನ್ನು ಬಯಸುತ್ತದೆ ಎಂಬುದನ್ನು ಅಲ್ಲಿಯೂ, ಅದನ್ನು ಹೇಗೆ ಮಾಡುತ್ತದೆ ಎಂಬುದನ್ನು ಖಂಡಗಳಲ್ಲಿಯೂ ಓದಬೇಕು.

ಮಂಡನೆಯ ನಂತರ ಪರ್ಯಾಲೋಚನೆ. ಇಲ್ಲಿ ಮಸೂದೆಯನ್ನು ಪರಿಶೀಲನಾ ಸಮಿತಿಗೆ ಒಪ್ಪಿಸಬಹುದು. ಖಂಡವಾರು ಚರ್ಚೆಯಲ್ಲಿ ತಿದ್ದುಪಡಿ ಸೂಚಿಸಬಹುದು. ಅಂಗೀಕಾರವಾದ ಮೇಲೆ ಮಸೂದೆ ಇನ್ನೊಂದು ಸದನಕ್ಕೆ ಸಾಗುತ್ತದೆ. ಪರಿಷತ್ತು ವಿಧಾನಸಭೆಯ ಮಸೂದೆಯನ್ನು ಮೊದಲ ಸಲ ಮೂರು ತಿಂಗಳು, ಸಭೆ ಮತ್ತೆ ಅಂಗೀಕರಿಸಿದರೆ ಒಂದು ತಿಂಗಳು ತಡೆಯಬಹುದಷ್ಟೆ. ಸಂಸತ್ತಿನಂತೆ ಜಂಟಿ ಅಧಿವೇಶನದ ವ್ಯವಸ್ಥೆ ರಾಜ್ಯಗಳಲ್ಲಿಲ್ಲ. ಕೊನೆಯ ಮಾತು ಸಭೆಯದೇ. ಸಭೆಯ ಅವಧಿ ಮುಗಿದರೆ ಅಲ್ಲಿ ಉಳಿದ ಮಸೂದೆಯೂ ಬಿದ್ದುಹೋಗುತ್ತದೆ.

ಮುಂದಿನದು ರಾಜ್ಯಪಾಲರ ಹಂತ. ಸಂವಿಧಾನದ 200ನೆಯ ಅನುಚ್ಛೇದದ ಪ್ರಕಾರ ಅವರು ಅಂಕಿತ ಹಾಕಬಹುದು, ಸಲಹೆಯೊಡನೆ ಸದನಕ್ಕೆ ಹಿಂತಿರುಗಿಸಬಹುದು, ರಾಷ್ಟ್ರಪತಿಯವರ ಪರಿಶೀಲನೆಗೆ ಕಾದಿರಿಸಬಹುದು. ಈ ಹಂತಕ್ಕೆ ಕಾಲಮಿತಿ ಉಂಟೇ ಎಂಬುದು ಇತ್ತೀಚಿನ ದೊಡ್ಡ ವಿವಾದ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠವು ತಮಿಳುನಾಡಿನ ಹತ್ತು ಮಸೂದೆಗಳಿಗೆ ಅಂಕಿತ ದೊರೆತಂತೆಯೇ ಎಂದು ತೀರ್ಪಿತ್ತು, ಕಾಲಮಿತಿಯನ್ನೂ ವಿಧಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ಸಂವಿಧಾನ ಪೀಠವು ರಾಷ್ಟ್ರಪತಿಯವರ ಪ್ರಶ್ನೆಗಳಿಗೆ ಉತ್ತರಿಸುತ್ತ, ನ್ಯಾಯಾಲಯ ಕಾಲಮಿತಿ ವಿಧಿಸಲಾಗದು, ಅಂಕಿತವನ್ನು ಊಹಿಸಿಕೊಳ್ಳಲೂ ಆಗದು ಎಂದಿತು. ಆದರೆ ಕಾರಣವಿಲ್ಲದೆ ದೀರ್ಘಕಾಲ ಸುಮ್ಮನಿದ್ದರೆ ತೀರ್ಮಾನ ಕೈಗೊಳ್ಳಿರೆಂದು ಸೂಚಿಸಬಹುದು ಎಂದೂ ಸ್ಪಷ್ಟಪಡಿಸಿತು.

ಎರಡು ಮಸೂದೆಗಳು, ಎರಡು ನಡಿಗೆಗಳು

ಹಂತಗಳ ಬೆಲೆ ತಿಳಿಯಲು ಮಹಾರಾಷ್ಟ್ರದ ಎರಡು ಮಸೂದೆಗಳನ್ನು ಹೋಲಿಸಿ ನೋಡೋಣ.

ಮೊದಲನೆಯದು ಶಾಲೆಗಳಲ್ಲಿ ಮರಾಠಿಯ ಬೋಧನೆ ಮತ್ತು ಕಲಿಕೆಯನ್ನು ಕಡ್ಡಾಯಗೊಳಿಸಿದ 2020ರ ಮಸೂದೆ. ಅದು ಫೆಬ್ರವರಿ 26ರಂದು ವಿಧಾನ ಪರಿಷತ್ತಿನಲ್ಲಿಯೂ, ಮರುದಿನ ಮರಾಠಿ ಭಾಷಾ ದಿನದಂದು ವಿಧಾನಸಭೆಯಲ್ಲಿಯೂ ಸರ್ವಾನುಮತದಿಂದ ಅಂಗೀಕಾರವಾಯಿತು. ಎಲ್ಲ ಮಾಧ್ಯಮಗಳ, ಎಲ್ಲ ಮಂಡಳಿಗಳ ಶಾಲೆಗಳಿಗೆ ಅದು ಅನ್ವಯ. 2020–21ರಿಂದ ಒಂದನೆಯ ಮತ್ತು ಆರನೆಯ ಇಯತ್ತೆಗಳಿಂದ ತೊಡಗಿ ಹಂತಹಂತವಾಗಿ ಜಾರಿ. ಉಲ್ಲಂಘಿಸಿದವರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ. ಸೂಕ್ತ ಕಾರಣವಿದ್ದಲ್ಲಿ ವಿದ್ಯಾರ್ಥಿಗಳಿಗೆ ವಿನಾಯಿತಿ ಕೊಡುವ ಅವಕಾಶವೂ ಉಂಟು. ಆದರೆ ಆ ಅವಕಾಶ ‘ಬಹುದು’ ಎಂಬ ವರ್ಗಕ್ಕೆ ಸೇರಿದ್ದು: ಸರಕಾರದ ಅಧಿಕಾರ, ವಿದ್ಯಾರ್ಥಿಯ ಹಕ್ಕಲ್ಲ.

ಎರಡನೆಯದು ಮಹಾರಾಷ್ಟ್ರ ವಿಶೇಷ ಜನಸುರಕ್ಷಾ ವಿಧೇಯಕ. 2024ರ ಜುಲೈಯಲ್ಲಿ ಅದು ಮೊದಲು ಮಂಡನೆಯಾಯಿತು. ಚುನಾವಣೆ ಬಂದು ಸಭೆಯ ಅವಧಿ ಮುಗಿದುದರಿಂದ ಡಿಸೆಂಬರ್‌ನಲ್ಲಿ ನಾಗಪುರದ ಅಧಿವೇಶನದಲ್ಲಿ ಮತ್ತೊಮ್ಮೆ ಮಂಡಿಸಬೇಕಾಯಿತು. ತೀವ್ರ ವಿರೋಧವಿದ್ದ ಕಾರಣ ಅದನ್ನು ಎರಡೂ ಸದನಗಳ ಜಂಟಿ ಸಮಿತಿಗೆ ಒಪ್ಪಿಸಲಾಯಿತು. ಸಾರ್ವಜನಿಕರಿಂದ 12 ಸಾವಿರಕ್ಕೂ ಹೆಚ್ಚು ಸಲಹೆ, ಆಕ್ಷೇಪಗಳು ಬಂದವು. ಕೆಲವು ತಿದ್ದುಪಡಿಗಳೊಡನೆ 2025ರ ಜುಲೈಯಲ್ಲಿ ಅಂಗೀಕಾರ ದೊರೆಯಿತು. ಆ ಮಸೂದೆಯ ಗುಣದೋಷ ಇಲ್ಲಿನ ವಿಷಯವಲ್ಲ. ಸಮಿತಿಗೆ ಹೋದ ಮಸೂದೆಯ ಮುಂದೆ ಸಾಮಾನ್ಯ ನಾಗರಿಕನೂ ಅರ್ಜಿ ಹಿಡಿದು ನಿಲ್ಲಬಹುದೆಂಬುದಷ್ಟೇ ಇಲ್ಲಿ ಮುಖ್ಯ. ಎರಡು ದಿನಗಳಲ್ಲಿ ಎರಡು ಸದನ ದಾಟಿದ ಮಸೂದೆಯಲ್ಲಿ ಆ ಅವಕಾಶವಿರಲಿಲ್ಲ. ಜತ್ತ ತಾಲೂಕಿನ ಕನ್ನಡ ಶಾಲೆಯ ಮಗು ಯಾವ ಇಯತ್ತೆಯಲ್ಲಿ ಎಷ್ಟು ಮರಾಠಿ ಕಲಿಯಬೇಕು, ಕಲಿಸುವ ಗುರುಗಳಿಗೆ ಕನ್ನಡ ಬರಬೇಕೇ ಎಂಬ ಪ್ರಶ್ನೆಗಳನ್ನು ಕೇಳಬೇಕಾದ ಸ್ಥಳ ಸಮಿತಿಯೇ ಆಗಿತ್ತು. ಸರ್ವಾನುಮತವು ಸದನಕ್ಕೆ ಶೋಭೆ. ಆದರೆ ಸರ್ವಾನುಮತವಿರುವಲ್ಲಿ ಸಣ್ಣ ಸಮುದಾಯದ ಪರವಾಗಿ ತಿದ್ದುಪಡಿ ಸೂಚಿಸುವವರು ಸಿಗುವುದು ಕಷ್ಟ.

ರಾಜ್ಯಭಾಷೆಯ ಕಲಿಕೆಯನ್ನು ಕಡ್ಡಾಯಗೊಳಿಸುವುದೇ ತಪ್ಪೆಂದು ವಾದಿಸುವುದು ಈ ಲೇಖನದ ಉದ್ದೇಶವಲ್ಲ. ಗುಜರಾತಿ ಭಾಷಿಕ ಅಲ್ಪಸಂಖ್ಯಾತರು ನಡೆಸುತ್ತಿದ್ದ ಇಂಗ್ಲಿಷ್ ಮಾಧ್ಯಮದ ಶಾಲೆಗಳು ಇಂಥ ನಿಯಮವನ್ನು ಪ್ರಶ್ನಿಸಿದಾಗ, ಮರಾಠಿಯನ್ನು ಒಂದು ವಿಷಯವಾಗಿ ಕಡ್ಡಾಯ ಮಾಡುವುದು ಅಲ್ಪಸಂಖ್ಯಾತರ ಹಕ್ಕಿಗೆ ಭಂಗವಲ್ಲವೆಂದು ಸುಪ್ರೀಂ ಕೋರ್ಟು 2004ರಲ್ಲಿಯೇ ಹೇಳಿದೆ. ಮರಾಠಿ ಬಲ್ಲ ಕನ್ನಡಿಗನಿಗೆ ಇಲ್ಲಿ ನಷ್ಟವಿಲ್ಲ, ಲಾಭವೇ ಹೆಚ್ಚು. ಆದರೆ ಮರಾಠಿ ಸೇರುವುದು ಬೇರೆ, ಕನ್ನಡ ಹೋಗುವುದು ಬೇರೆ. ಪುಣೆಯ ಬಾಲಭಾರತಿ ಇಂದಿಗೂ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಸಂವಿಧಾನದ 350-ಎ ಅನುಚ್ಛೇದವು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆನ್ನುತ್ತದೆ. ಕಾಯ್ದೆಯ ‘ಪರಂತು’ ಈ ಆಶಯಕ್ಕೆ ನೆಲೆಯಾಗಬೇಕು.

ಕನ್ನಡಿಯ ಆಚೆ ಬದಿ

ಇದೇ ಪ್ರಶ್ನೆಯನ್ನು ಗಡಿಯ ಆಚೆಗೆ ನಿಂತೂ ಕೇಳಬೇಕು. ಕರ್ನಾಟಕದ 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮವು ಒಂದನೆಯ ತರಗತಿಯಿಂದ ತೊಡಗಿ ಹಂತಹಂತವಾಗಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಡ್ಡಾಯಗೊಳಿಸಿತು. ಜತ್ತದ ಕನ್ನಡ ಮಗುವಿನ ಸ್ಥಾನದಲ್ಲಿ ಅಲ್ಲಿ ಬೆಳಗಾವಿಯ ಮರಾಠಿ ಮಗು ಕೂತಿದೆ. ಇಲ್ಲಿ ನಾವು ಬೇಡುವ ‘ಪರಂತು’ವನ್ನು ಅಲ್ಲಿ ಆ ಮಗುವಿಗೂ ಬೇಡದಿದ್ದರೆ ನಮ್ಮ ವಾದಕ್ಕೆ ನೈತಿಕ ಬಲವಿರದು.

ಮಸೂದೆಯ ನಡಿಗೆಗೂ ಕರ್ನಾಟಕದಲ್ಲಿ ಒಳ್ಳೆಯ ನಿದರ್ಶನಗಳಿವೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ವಿಧೇಯಕವು 2022ರ ಸೆಪ್ಟೆಂಬರ್‌ನಲ್ಲಿ ಮಂಡನೆಯಾಗಿ 2023ರಲ್ಲಿ ಕಾಯ್ದೆಯಾಯಿತು. ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡವಿರಬೇಕೆಂಬ ತಿದ್ದುಪಡಿಯನ್ನು ಸರಕಾರ 2024ರ ಜನವರಿಯಲ್ಲಿ ಸುಗ್ರೀವಾಜ್ಞೆಯ ಮೂಲಕ ತರಲು ಹೊರಟಿತು. ರಾಜ್ಯಪಾಲರು ಅದನ್ನು ಹಿಂತಿರುಗಿಸಿದರು. ಫೆಬ್ರವರಿಯ ಅಧಿವೇಶನದಲ್ಲಿ ಅದೇ ವಿಷಯ ಮಸೂದೆಯಾಗಿ ಬಂದು ಅಂಗೀಕಾರ ಪಡೆಯಿತು. ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಯಾದರೋ 2024ರ ಜುಲೈಯಲ್ಲಿ ಮಂತ್ರಿಮಂಡಲದ ಒಪ್ಪಿಗೆ ಪಡೆದೂ, ಉದ್ಯಮಿಗಳ ವಿರೋಧದಿಂದ ಕೆಲವೇ ದಿನಗಳಲ್ಲಿ ತಡೆಹಿಡಿಯಲ್ಪಟ್ಟಿತು; ಸದನದ ಮೆಟ್ಟಿಲನ್ನೇ ಅದು ತುಳಿಯಲಿಲ್ಲ.

ಕಾಸರಗೋಡಿನ ಪಾಠ

ನಮ್ಮಂತೆಯೇ ಗಡಿಯಾಚೆ ಉಳಿದ ಕಾಸರಗೋಡಿನ ಕನ್ನಡಿಗರ ಅನುಭವ ಇನ್ನೂ ಬೋಧಪ್ರದ. ಕೇರಳ ವಿಧಾನಸಭೆ 2015ರ ಡಿಸೆಂಬರ್‌ನಲ್ಲಿ ಅಂಗೀಕರಿಸಿದ ಮಲಯಾಳ ಭಾಷಾ ಮಸೂದೆ ರಾಷ್ಟ್ರಪತಿಯವರ ಪರಿಶೀಲನೆಗೆ ಹೋಯಿತು, ಕಾಯ್ದೆಯಾಗಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಹೊಸ ಮಸೂದೆಯನ್ನು ಸಭೆ ಅಂಗೀಕರಿಸಿತು. ಶಾಲೆಗಳಲ್ಲಿ ಮಲಯಾಳವು ಪ್ರಥಮ ಭಾಷೆಯಾಗಿರತಕ್ಕದ್ದು ಎಂಬ ಮುಖ್ಯ ವಾಕ್ಯವನ್ನು ಕಂಡು ಕನ್ನಡಿಗರು ಕಳವಳಗೊಂಡರು; 2026ರ ಜನವರಿಯಲ್ಲಿ ಕರ್ನಾಟಕದ ಮುಖ್ಯಮಂತ್ರಿಗಳು ಕೇರಳದ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಕನ್ನಡ, ತಮಿಳು ಭಾಷಿಕರ ರಕ್ಷಣೆಗೆಂದೇ ಪ್ರತ್ಯೇಕ ಖಂಡವಿದೆಯೆಂದು ಕೇರಳ ಸರಕಾರ ಉತ್ತರಿಸಿತು. ಒಬ್ಬರು ಮುಖ್ಯ ವಾಕ್ಯವನ್ನು ಓದುತ್ತಿದ್ದರು, ಇನ್ನೊಬ್ಬರು ವಿನಾಯಿತಿಯ ವಾಕ್ಯವನ್ನು. ಮಸೂದೆಯನ್ನು ಪೂರ್ಣವಾಗಿ ಓದಿದವನಿಗೆ ಮಾತ್ರ ನಿಜವಾದ ಪ್ರಶ್ನೆ ಹೊಳೆಯುತ್ತದೆ: ಆ ವಿನಾಯಿತಿಯನ್ನು ಜಾರಿಗೊಳಿಸುವವರು ಯಾರು, ಎಲ್ಲಿ, ಯಾವ ನಿಯಮದಿಂದ?

ನಿರ್ಣಯ ಬೇರೆ, ಮಸೂದೆ ಬೇರೆ

ಗಡಿನಾಡಿನಲ್ಲಿ ಹೆಚ್ಚು ಸದ್ದು ಮಾಡುವುದು ಮಸೂದೆಯಲ್ಲ, ನಿರ್ಣಯ. ನೀರಿನ ಬರದಿಂದ ಬೇಸತ್ತ ಜತ್ತ ತಾಲೂಕಿನ ಕೆಲವು ಹಳ್ಳಿಗಳು ಕರ್ನಾಟಕಕ್ಕೆ ಸೇರುವ ನಿರ್ಣಯ ಮಾಡಿದ್ದುಂಟು. ಆ ಮಾತು 2022ರ ನವೆಂಬರ್‌ನಲ್ಲಿ ಮತ್ತೆ ಮೇಲೆದ್ದಿತು. ಅದೇ ಡಿಸೆಂಬರ್ 22ರಂದು ಕರ್ನಾಟಕ ವಿಧಾನಮಂಡಲವು ಒಂದಿಂಚು ನೆಲವನ್ನೂ ಬಿಡೆವೆಂದೂ, 27ರಂದು ಮಹಾರಾಷ್ಟ್ರ ವಿಧಾನಮಂಡಲವು 865 ಹಳ್ಳಿಗಳು ತನಗೆ ಸೇರಬೇಕೆಂದೂ ನಿರ್ಣಯ ಅಂಗೀಕರಿಸಿದವು. ನಿರ್ಣಯ ಸದನದ ಅಭಿಪ್ರಾಯ ಮಾತ್ರ. ಅದರಿಂದ ಒಂದು ಗಡಿಕಲ್ಲೂ ಸರಿಯುವುದಿಲ್ಲ. ಸಂವಿಧಾನದ ಮೂರನೆಯ ಅನುಚ್ಛೇದದಂತೆ ರಾಜ್ಯಗಳ ಎಲ್ಲೆಯನ್ನು ಬದಲಿಸುವ ಅಧಿಕಾರ ಸಂಸತ್ತಿಗೆ ಮಾತ್ರ ಇದೆ. ನಿರ್ಣಯದ ಗದ್ದಲದಲ್ಲಿ ಮಸೂದೆಯ ಖಂಡಗಳು ನಮ್ಮ ಕಣ್ಣು ತಪ್ಪಿಸಿ ಹೋಗುವುದೇ ದೊಡ್ಡ ಹಾನಿ.

ಕಾಯ್ದೆಯಾದ ಮೇಲೆ

ಅಂಕಿತದಿಂದ ಪಯಣ ಮುಗಿಯುವುದಿಲ್ಲ. ನಿಯಮಗಳು, ಸರಕಾರಿ ಆದೇಶಗಳು, ನ್ಯಾಯಾಲಯದ ಅರ್ಥನಿರ್ಣಯ ಮುಂದಿರುತ್ತವೆ. ಮಹಾರಾಷ್ಟ್ರದ 2022ರ ಕಾಯ್ದೆ ಸ್ಥಳೀಯ ಸಂಸ್ಥೆಗಳ ಆಡಳಿತದಲ್ಲಿ ಮರಾಠಿಯನ್ನು ವಿಧಿಸಿತು. ಅಕೋಲಾ ಜಿಲ್ಲೆಯ ಪಾತೂರ ನಗರ ಪರಿಷತ್ತಿನ ಫಲಕದಲ್ಲಿ ಮರಾಠಿಯ ಕೆಳಗೆ ಉರ್ದು ಇರಬಾರದೆಂಬ ದಾವೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮರಾಠಿ ಇರಬೇಕೆನ್ನುವ ಕಾಯ್ದೆ, ಅದರ ಜೊತೆಗೆ ಬೇರೊಂದು ಭಾಷೆ ಇರಬಾರದೆಂದು ಹೇಳಿಲ್ಲ ಎಂದು ನ್ಯಾಯಾಲಯ 2025ರ ಏಪ್ರಿಲ್ 15ರಂದು ತೀರ್ಪಿತ್ತಿತು. ಉರ್ದುವಿಗೆ ಸಿಕ್ಕ ಈ ನ್ಯಾಯ ಗಡಿಹಳ್ಳಿಯ ಪಂಚಾಯತಿ ಫಲಕದಲ್ಲಿ ಮರಾಠಿಯ ಕೆಳಗಿನ ಕನ್ನಡಕ್ಕೂ ಆಧಾರವಾಗಬಲ್ಲದು.

ಆದುದರಿಂದ ಕನ್ನಡ ವಿದ್ಯಾರ್ಥಿಯ ಕರ್ತವ್ಯ ಸ್ಪಷ್ಟ. ಹಳಗನ್ನಡ ಕಾವ್ಯದ ಒಂದು ಪ್ರತ್ಯಯಕ್ಕಾಗಿ ನಿಘಂಟು ತೆರೆಯುವ ತಾಳ್ಮೆ ನಮಗಿದೆ. ಅದೇ ತಾಳ್ಮೆಯಿಂದ ಮರಾಠಿಯ ವಿಧೇಯಕವೊಂದನ್ನು ಓದಬೇಕು, ಅದರ ಸಾರವನ್ನು ಕನ್ನಡದಲ್ಲಿ ಬರೆದು ಊರಿನ ಶಾಲಾ ವ್ಯವಸ್ಥಾಪನ ಸಮಿತಿಯವರಿಗೆ ತಿಳಿಸಬೇಕು. ಎರಡೂ ಭಾಷೆ ಬಲ್ಲವರು ನಾವು. ಈ ಕೆಲಸ ನಮ್ಮಿಂದಲ್ಲದೆ ಬೇರೆಯವರಿಂದ ಆಗುವಂಥದಲ್ಲ. ಕರಡು ಕರಡಾಗಿರುವಾಗಲೇ ಅದನ್ನು ತಿದ್ದಿಸಬೇಕು.

ಅಭ್ಯಾಸ

1. ಮಹಾರಾಷ್ಟ್ರ ವಿಧಾನಮಂಡಲದ ಯಾವುದಾದರೊಂದು ವಿಧೇಯಕದ ಮರಾಠಿ ಪಠ್ಯ ಪಡೆದು, ಅದರಲ್ಲಿ ‘ಪರಂತು’ ಬಂದಿರುವ ವಾಕ್ಯಗಳನ್ನು ಕನ್ನಡಕ್ಕೆ ಅನುವಾದಿಸಿರಿ.
2. ‘ತಕ್ಕದ್ದು’ ಮತ್ತು ‘ಬಹುದು’ ಇವುಗಳ ಅರ್ಥಭೇದವನ್ನು ಎರಡು ಕಾಯ್ದೆಗಳ ಉದಾಹರಣೆಯಿಂದ ವಿವರಿಸಿರಿ.
3. ನಿಮ್ಮ ಊರಿನ ಕನ್ನಡ ಶಾಲೆಗೆ ಅನ್ವಯಿಸುವಂತೆ, 2020ರ ಕಾಯ್ದೆಗೆ ಒಂದು ‘ಪರಂತು’ ವಾಕ್ಯವನ್ನು ರಚಿಸಿರಿ. ಅದೇ ವಾಕ್ಯವು ಬೆಳಗಾವಿಯ ಮರಾಠಿ ಶಾಲೆಗೂ ಹೊಂದುವುದೇ ಎಂದು ಪರೀಕ್ಷಿಸಿರಿ.