ದಿಮ್ಮಿ ಎಳೆಯುವ ಹಳೆಯ ಟ್ರ್ಯಾಕ್ಟರ್: ಎಚ್‌ಪಿಗಿಂತ ಹಿಡಿತ ಮುಖ್ಯ

ಕಾಫಿ ತೋಟದ ಸಿಲ್ವರ್ ಓಕ್ ಮಾರುವಾಗ ಮರ ಕಡಿಯುವುದಕ್ಕಿಂತ ಕಷ್ಟದ ಕೆಲಸ, ಬಿದ್ದ ದಿಮ್ಮಿಯನ್ನು ಗಿಡಗಳ ನಡುವಿನಿಂದ ಲಾರಿ ನಿಲ್ಲುವ ಜಾಗಕ್ಕೆ ತರುವುದು. ಅದಕ್ಕೆಂದು ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ಹುಡುಕಿ ಹೊರಟ ಬೆಳೆಗಾರರು ಮೊದಲು ಕೇಳುವುದು ಎಚ್‌ಪಿ ಎಷ್ಟು, ಮೀಟರ್ ಎಷ್ಟು ಗಂಟೆ ಓಡಿದೆ ಎಂದು. ಇಳಿಜಾರಿನಲ್ಲಿ ದಿಮ್ಮಿ ಎಳೆಯುವ ಕೆಲಸಕ್ಕೆ ಇವೆರಡೂ ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆಗಳು. ರೋಪು ಸುತ್ತಿಕೊಂಡು ಭಾರ ಎಳೆಯುವ ವಿಂಚ್ ಇದೆಯೇ ಎಂಬುದು ಮೊದಲನೆಯದು, ಫೋರ್ ವೀಲ್ ಡ್ರೈವ್ ಇದೆಯೇ ಎಂಬುದು ಎರಡನೆಯದು.

ಕಾರಣ ಲೆಕ್ಕದಲ್ಲೇ ಇದೆ. 50 ಎಚ್‌ಪಿ ಎಂಜಿನ್ ಗಂಟೆಗೆ 3 ಕಿ.ಮೀ. ವೇಗದಲ್ಲಿ ಸುಮಾರು 4,500 ಕಿಲೊ ಬಲದಿಂದ ಎಳೆಯಬಲ್ಲದು. ಗೇರು, ಆಕ್ಸಲ್‌ಗಳಲ್ಲಿ ಅರ್ಧ ಸೋರಿಹೋಯಿತೆಂದರೂ ಎರಡು ಟನ್ ಉಳಿಯುತ್ತದೆ. ಆದರೆ ಆ ಬಲವನ್ನು ನೆಲಕ್ಕೆ ದಾಟಿಸಬೇಕಾದದ್ದು ಟೈರು. 2,100 ಕಿಲೊ ತೂಗುವ ಟೂ ವೀಲ್ ಡ್ರೈವ್ ಟ್ರ್ಯಾಕ್ಟರಿನ ಹಿಂದಿನ ಚಕ್ರಗಳ ಮೇಲೆ ಬೀಳುವ ಭಾರ ಸುಮಾರು 1,300 ಕಿಲೊ. ಸಡಿಲ ಮಣ್ಣಿನಲ್ಲಿ ಅದರ ಅರ್ಧದಷ್ಟು, ಅಂದರೆ 650 ಕಿಲೊ ಬಲ ಮಾತ್ರ ಹಿಡಿತಕ್ಕೆ ಸಿಗುತ್ತದೆ. ಐದು ಅಡಿಗೆ ಒಂದು ಅಡಿ ಏರುವ ಬಾಣೆಯಲ್ಲಿ ಟ್ರ್ಯಾಕ್ಟರು ತನ್ನನ್ನು ತಾನೇ ಮೇಲಕ್ಕೆಳೆದುಕೊಳ್ಳಲು 400 ಕಿಲೊ ಖರ್ಚಾಗುತ್ತದೆ. ದಿಮ್ಮಿಗೆಂದು ಉಳಿದದ್ದು 250 ಕಿಲೊ. ಮುಕ್ಕಾಲು ಟನ್ ತೂಗುವ ಹಸಿ ದಿಮ್ಮಿಯನ್ನು ಅದೇ ಏರಿನಲ್ಲಿ ನೆಲದ ಮೇಲೆ ಎಳೆಯಲು 500 ಕಿಲೊಗೂ ಹೆಚ್ಚು ಬೇಕು. ಚಕ್ರ ತಿರುಗುತ್ತದೆ, ಹೊಗೆ ಬರುತ್ತದೆ, ದಿಮ್ಮಿ ಕದಲುವುದಿಲ್ಲ. 1,900 ಕಿಲೊದ ಫೋರ್ ವೀಲ್ ಟ್ರ್ಯಾಕ್ಟರ್ 40 ಎಚ್‌ಪಿಯದಾದರೂ ಪೂರ್ತಿ ತೂಕವನ್ನು ಹಿಡಿತಕ್ಕೆ ಬಳಸುವುದರಿಂದ, ಇದೇ ಲೆಕ್ಕದಲ್ಲಿ ಅದಕ್ಕೆ 570 ಕಿಲೊದಷ್ಟು ಉಳಿಯುತ್ತದೆ. ಅದು ಎಳೆದೀತು, ಆದರೆ ಕಷ್ಟಪಟ್ಟು. ವಿಂಚ್ ಇದ್ದರೆ ಟ್ರ್ಯಾಕ್ಟರು ಏರು ಹತ್ತಬೇಕಾದ ಪ್ರಮೇಯವೇ ಇಲ್ಲ. ತೋಟದ ರಸ್ತೆಯಲ್ಲಿ ನಿಂತು, ವಿಂಚಿನ ಹಲಗೆಯನ್ನು ನೆಲಕ್ಕೆ ಊರಿ, ರೋಪಿನಿಂದ ದಿಮ್ಮಿಯನ್ನಷ್ಟೇ ಎಳೆದುಕೊಂಡರಾಯಿತು. ಟೂ ವೀಲ್ ಕೂಡ ಈ ಕೆಲಸ ಮಾಡುತ್ತದೆ. ಅಮೆರಿಕ, ಕೆನಡಾದ ಕಾಡುಗಳಲ್ಲಿ ದುಡಿಯುವ ಸ್ಕಿಡ್ಡರ್ ಯಂತ್ರಗಳಿಗೆ ನಾಲ್ಕೂ ಚಕ್ರಕ್ಕೆ ಡ್ರೈವ್ ಕೊಟ್ಟು, ದಿಮ್ಮಿಯ ತಲೆಯನ್ನು ನೆಲದಿಂದ ಎತ್ತಿಕೊಂಡು ಎಳೆಯುವಂತೆ ಮಾಡಿರುವುದರ ಹಿಂದೆ ಇರುವುದೂ ಇದೇ ಲೆಕ್ಕ.

ಟೈರಿಗೆ ನೀರು ತುಂಬಿಸಿ ತೂಕ ಹೆಚ್ಚಿಸಿದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಸಮತಟ್ಟಿನಲ್ಲಿ ಅದು ಒಳ್ಳೆಯ ಉಪಾಯ. ಏರಿನಲ್ಲಿ ಮಾತ್ರ, ಸೇರಿಸಿದ 100 ಕಿಲೊದಿಂದ ಸಿಗುವ 50 ಕಿಲೊ ಹಿಡಿತದಲ್ಲಿ 20 ಕಿಲೊ ಆ ನೀರನ್ನೇ ಮೇಲೇರಿಸಲು ಹೋಗುತ್ತದೆ. ಎಳೆಯುವಾಗ ಭಾರ ತಾನಾಗಿ ಹಿಂದಕ್ಕೆ ಸರಿದು ಟೂ ವೀಲಿಗೂ ಹಿಡಿತ ಹೆಚ್ಚುತ್ತದೆ ಎಂಬ ಮಾತೂ ಸುಳ್ಳಲ್ಲ. ಆದರೆ ಹಿಂದಕ್ಕೆ ಸರಿದ ಭಾರ ಮುಂದಿನಿಂದಲೇ ಬಂದದ್ದು. ಮುಂಚಕ್ರ ಹಗುರಾದಂತೆ ಸ್ಟಿಯರಿಂಗ್ ಕೇಳುವುದಿಲ್ಲ. ಸರಪಳಿಯನ್ನು ಆಕ್ಸಲ್‌ಗಿಂತ ಎತ್ತರದಲ್ಲಿ ಕಟ್ಟಿದ್ದರೆ ಟ್ರ್ಯಾಕ್ಟರು ಕ್ಷಣಾರ್ಧದಲ್ಲಿ ಹಿಮ್ಮಗುಚಿ ಚಾಲಕನ ಮೇಲೆ ಬೀಳುತ್ತದೆ. ಸರಪಳಿ ಯಾವತ್ತೂ ಕೆಳಗಿನ ಡ್ರಾಬಾರಿಗೇ ಬೀಳಬೇಕು. ಇದರಲ್ಲಿ ರಾಜಿ ಬೇಡ.

ವಿಂಚ್ ಕೆಲಸ ನಿಧಾನ, ಅದರ ಬೆಲೆಯೂ ಕಡಿಮೆಯಲ್ಲ ಎಂಬುದು ನ್ಯಾಯವಾದ ಆಕ್ಷೇಪ. ನಾಲ್ಕಾರು ವರ್ಷಕ್ಕೊಮ್ಮೆ ಹತ್ತಿಪ್ಪತ್ತು ಮರ ಕಡಿಸುವವರು ಏನನ್ನೂ ಕೊಳ್ಳದೆ ಬಾಡಿಗೆಗೆ ಕರೆಸುವುದೇ ಲೇಸು. ವರ್ಷವರ್ಷವೂ ನಾಟಾ ತೆಗೆಯುವ ತೋಟದಲ್ಲಿ ಮಾತ್ರ ಲೆಕ್ಕಕ್ಕೆ ಕಾಫಿ ಗಿಡವನ್ನೂ ಸೇರಿಸಬೇಕು. ಅದರ ಆಹಾರ ಹೀರುವ ಬೇರುಗಳು ಬಹುಪಾಲು ಮೇಲ್ಮಣ್ಣಿನ ಒಂದಡಿಯಲ್ಲೇ ಹರಡಿರುತ್ತವೆ. ಒದ್ದೆ ನೆಲದಲ್ಲಿ ಎರಡು ಟನ್ನಿನ ಟ್ರ್ಯಾಕ್ಟರು ಸಾಲಿನೊಳಗೆ ಹೋಗಿಬಂದರೆ ಆ ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿ ಸಿಗುವುದಿಲ್ಲ; ಮುರಿದ ಗಿಡದ ಜಾಗಕ್ಕೆ ಹೊಸ ಸಸಿ ನೆಟ್ಟು ಫಸಲು ಕಾಣಲು ವರ್ಷಗಳೇ ಬೇಕು.

ಇನ್ನು ಕೊಳ್ಳುವ ದಿನದ ಪರೀಕ್ಷೆ. ಎಂಜಿನ್ ಹಳೆಯದಾಗಿದ್ದರೆ ಹೆದರಬೇಕಿಲ್ಲ, ಅದನ್ನು ಬಿಚ್ಚಿ ಕಟ್ಟುವ ಗ್ಯಾರೇಜು ತಾಲ್ಲೂಕು ಕೇಂದ್ರದಲ್ಲಿ ಸಿಗುತ್ತದೆ. ದಿಮ್ಮಿ ಎಳೆದು ಸವೆಯುವುದು ಕ್ಲಚ್ಚು, ವಿಂಚನ್ನು ತಿರುಗಿಸುವ ಪಿಟಿಒ ಶಾಫ್ಟು, ಬ್ರೇಕು, ಲಿಂಕ್ ಪಿನ್ನುಗಳು. ಹಿಂದಿನ ಆಕ್ಸಲ್ ಹೌಸಿಂಗ್ ಮೇಲೆ ವೆಲ್ಡಿಂಗ್ ಗುರುತು ಕಂಡರೆ, ಬೆಲೆ ಎಷ್ಟೇ ಇಳಿದರೂ ಬಿಟ್ಟುಬಿಡಿ. ಫೋರ್ ವೀಲ್ ಆದರೆ ಮುಂದಿನ ಆಕ್ಸಲ್‌ನಲ್ಲಿ ಎಣ್ಣೆ ಜಿನುಗುತ್ತಿದೆಯೇ ನೋಡಿ. ಅದರ ರಿಪೇರಿ ದುಬಾರಿ. ಸಾಲವಿದ್ದ ಗಾಡಿಯಾದರೆ ಸಾಲ ತೀರಿತೆನ್ನುವ ಬ್ಯಾಂಕಿನ ಎನ್‌ಒಸಿ, ಫಾರ್ಮ್ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ವಿಂಚಿನ ರೋಪಿನಲ್ಲಿ ಎಳೆ ಬಿಟ್ಟಿದ್ದರೆ, ಗಂಟು ಬಿದ್ದು ಮಡಚಿದ್ದರೆ ಹೊಸ ರೋಪಿನ ದರವನ್ನು ವ್ಯಾಪಾರದಲ್ಲೇ ಕಳೆಯಿರಿ. ಕೊನೆಗೆ, ಮಾರುವವರ ಅಂಗಳದಲ್ಲಿ ಸ್ಟಾರ್ಟ್ ಮಾಡಿ ನೋಡಿ ಬರಬೇಡಿ. ದಿಮ್ಮಿ ತಾನಾಗಿ ಜಾರುವಷ್ಟು ಕಡಿದಾದ ಇಳಿಜಾರಿಗೆ ಒಯ್ದು, ಕೆಳಗೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದಿಮ್ಮಿಯನ್ನು ಅರ್ಧ ದಾರಿ ಎಳೆಸಿ ನಿಲ್ಲಿಸಿ. ಐದು ನಿಮಿಷ ಅದು ನಿಂತಲ್ಲೇ ನಿಂತರೆ ವಿಂಚಿನ ಬ್ರೇಕು ಸರಿಯಿದೆ. ಒಂದು ಗೇಣು ಜಾರಿದರೂ ಬ್ರೇಕನ್ನು ರಿಪೇರಿ ಮಾಡಿಸದೆ ಮುಂಗಡ ಕೊಡಬೇಡಿ.